ಚಿಕ್ಕತಾಯಿಗೂ ಮೂರು, ರಾಚೇಗೌಡನಿಗೂ ಮೂರು

ಒಂದಾನೊಂದು ಊರು. ಆ ಊರಿಗೊಬ್ಬ ರಾಜ. ರಾಜನೂ ರಾಗಿಮುದ್ದೆಯನ್ನೇ ಉಣ್ಣುತ್ತಿದ್ದ ಕಾಲ ಅದು, ಹಾಗಾಗಿ ಸುಂಕವನ್ನೂ ರಾಗಿಯಲ್ಲೇ ಎತ್ತುತ್ತಿದ್ದನಂತೆ.

ಯಾರದೇ ಕಣವಾಗಲಿ, ಮೊದಲ ಹತ್ತು ಕೊಳಗ ಹೊಟ್ಟೆಪಾಡಿನದು, ಅದನ್ನು ಅರಮನೆ ಮುಟ್ಟುವಂತಿಲ್ಲ. ಹನ್ನೊಂದರಿಂದ ಮೂವತ್ತರವರೆಗೆ ನಾಲ್ಕಕ್ಕೊಂದು ಕೊಳಗ ಅರಮನೆಗೆ. ಮೂವತ್ತು ದಾಟಿತೋ, ಅಲ್ಲಿಂದಾಚೆಗೆ ಅರ್ಧಕ್ಕರ್ಧ.

ಅಳೆಯುವವನು ಸೋಬಯ್ಯ. ಕಣದಲ್ಲಿ ಮೊದಲ ಕೊಳಗಕ್ಕೆ ಒಂದು ಅನ್ನುವ ಹಾಗಿಲ್ಲ, ಲಾಭ ಅನ್ನಬೇಕು. ಸೋಬಯ್ಯ ರಾಗ ಎಳೆದು 'ಲಾಭಾ, ಎರಡೂ, ಮೂರೂ' ಅಂತ ಶುರು ಮಾಡಿದನೆಂದರೆ ಬಡವರ ರಾಶಿಯೂ ಗೇಣುದ್ದ ಬೆಳೆದಂತೆ ಕಾಣುತ್ತಿತ್ತಂತೆ. ಅವನಿಗೆ ಮಾತ್ರ ಒಂದು ಗುಂಟೆ ನೆಲವೂ ಇರಲಿಲ್ಲ. ಅಳೆದಾದ ಮೇಲೆ ಕಣದಲ್ಲಿ ಉಳಿದದ್ದನ್ನು ಗುಡಿಸಿಕೊಂಡು ಹೋಗುವುದೇ ಅವನ ಕೂಲಿ. ವರ್ಷವೆಲ್ಲ ಗುಡಿಸಿದರೂ ಆರು ಕೊಳಗ ಆದರೆ ಹೆಚ್ಚು.

ಅದೇ ಊರಿನಲ್ಲಿ ಚಿಕ್ಕತಾಯಿ ಅಂತ ಒಬ್ಬಳಿದ್ದಳು. ಗಂಡ ತೀರಿಕೊಂಡಿದ್ದ, ಇದ್ದವಳು ಒಬ್ಬಳೇ ಮಗಳು ದೇವೀರಿ. ಚಿಕ್ಕತಾಯಿಯ ಹೊಲ ಪ್ರತಿ ವರ್ಷವೂ ಮೂವತ್ತು ಕೊಳಗ ಕೊಡುತ್ತಿತ್ತು, ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ. ಅರಮನೆಗೆ ಐದು ಹೋದರೆ ಉಳಿಯುವುದು ಇಪ್ಪತ್ತೈದು. ಆ ವರ್ಷ ದೇವೀರಿ ಚೊಚ್ಚಲ ಹೆರಿಗೆಗೆ ತಾಯಿಮನೆಗೆ ಬಂದಿದ್ದಳು. ಐದು ತಿಂಗಳು ಬಾಣಂತನ ಮಾಡಬೇಕಾದವಳು ಇಪ್ಪತ್ತೈದು ಕೊಳಗದಲ್ಲಿ ಹೇಗೆ ಮಾಡಿಯಾಳು? ಒಂದೇ ತಿಂಗಳಿಗೆ ಹಸುಗೂಸಿನ ಜೊತೆ ಮಗಳನ್ನು ಕಳಿಸಬೇಕಲ್ಲಾ ಅಂತ ಚಿಕ್ಕತಾಯಿ ಒಳಗೊಳಗೇ ಬೇಯುತ್ತಿದ್ದಳಂತೆ.

ಅಷ್ಟರಲ್ಲಿ ಊರಿನಲ್ಲಿ ಡಂಗುರ ಬಿತ್ತು. ನಡುವಿನ ಜನರ ಭಾರ ಇಳಿಸಿದ್ದೇವೆ, ಹನ್ನೊಂದರಿಂದ ಮೂವತ್ತರವರೆಗೆ ಇನ್ನು ಹತ್ತಕ್ಕೊಂದೇ ಕೊಳಗ ಅಂತ.

ಸೋಬಯ್ಯ ಚಿಕ್ಕತಾಯಿಯ ಕಣ ಅಳೆದ. ಅರಮನೆಗೆ ಐದು ಹೋಗುವಲ್ಲಿ ಎರಡೇ ಹೋಯಿತು, ಮೂರು ಉಳಿಯಿತು. ಚಿಕ್ಕತಾಯಿ ರಾಜನ ಹೆಸರಲ್ಲಿ ದೀಪ ಹಚ್ಚಿದಳು. ಒಂದು ಕೊಳಗ ಕೊಟ್ಟು ಹರಳೆಣ್ಣೆ ತಂದಳು, ಇನ್ನೊಂದಕ್ಕೆ ಬೆಲ್ಲ, ಮೆಣಸು, ಶುಂಠಿ ಬಂತು. ಮೂರನೆಯದು ಗುಡಾಣದಲ್ಲಿ ಭದ್ರವಾಯಿತು. ಮಗಳು ಐದು ತಿಂಗಳೂ ಇಲ್ಲೇ ಇರುತ್ತಾಳೆ ಅಂತ ಆವತ್ತು ಅವಳು ಹೊಟ್ಟೆತುಂಬ ಉಂಡು ಮಲಗಿದಳಂತೆ.

ಎಂಟು ದಿನ ಕಳೆಯಿತು. ರಾಚೇಗೌಡನ ಕಣಕ್ಕೆ ರಾಗಿ ತೂರಲು ಚಿಕ್ಕತಾಯಿ ಕೂಲಿಗೆ ಹೋದಳು. ರಾಚೇಗೌಡ ಊರಿಗೇ ಉಳ್ಳವನು, ಮುನ್ನೂರು ಕೊಳಗದ ಆಸಾಮಿ. ಅಳೆದು ಮುಗಿಸಿದ ಸೋಬಯ್ಯ, ನಿಮಗೂ ಈ ಸಲ ಮೂರು ಕೊಳಗ ಉಳಿಯಿತು ಗೌಡರೇ ಅಂದ. ರಾಚೇಗೌಡ ಹೂಂ ಅಂದು ಎಲೆ ಅಡಿಕೆ ಹಾಕಿಕೊಂಡ. ಅವನ ಹೆಂಡತಿ ಅದರಲ್ಲೊಂದು ಮೊರ ತೆಗೆದು ಕೋಳಿಗೆ ಎರಚಿದಳು.

ಚಿಕ್ಕತಾಯಿಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ನನ್ನ ಮಗಳ ಬಾಣಂತನಕ್ಕೆ ಬಂದದ್ದೂ ಮೂರು, ಇವರ ಕೋಳಿಗೆ ಬಂದದ್ದೂ ಮೂರೇ? ಬಾವಿಕಟ್ಟೆಯಲ್ಲಿ ಅದನ್ನು ಬಾಯಿಬಿಟ್ಟು ಅಂದೇಬಿಟ್ಟಳು. ಬಾವಿಕಟ್ಟೆಯಲ್ಲಿ ಮೂರಿದ್ದದ್ದು ಅಗಸರ ಕೇರಿಗೆ ಬರುವಾಗ ಹದಿಮೂರಾಯಿತು, ಸಂತೆಗೆ ಬರುವಾಗ ಮೂವತ್ತಾಯಿತು, ಅರಮನೆಯ ಬಾಗಿಲಿಗೆ ಬರುವಾಗ ಸೋಬಯ್ಯ ಲಂಚ ತಿಂದು ರಾಜನ ರಾಗಿಯನ್ನು ರಾಚೇಗೌಡನಿಗೆ ಮಾರಿಕೊಂಡ ಅಂತ ಆಯಿತಂತೆ.

ರಾಜ ಕುದುರೆ ಹತ್ತಿ ಕಣಕ್ಕೇ ಬಂದ. ನಾನು ಭಾರ ಇಳಿಸಿದ್ದು ನಡುವಿನವರಿಗೆ, ಅದು ಉಳ್ಳವನ ಮನೆಗೆ ಹೇಗೆ ಹೋಯಿತು ಅಂತ ಕೇಳಿದ.

ಸೋಬಯ್ಯ ಕೈ ಮುಗಿದ. "ಬುದ್ಧಿ, ನಾನು ಯಜಮಾನರ ಮುಖ ನೋಡಿ ಅಳೆಯೋನಲ್ಲ, ಕೊಳಗ ನೋಡಿ ಅಳೆಯೋನು."

ಅದೊಂದೇ ಅವನಿಗೆ ಬರುತ್ತಿದ್ದ ಮಾತು. ರಾಜನಿಗೆ ಅದು ಅಹಂಕಾರದಂತೆ ಕೇಳಿಸಿತು. ಇವನ ಕೊಳಗ ಒಡೆದುಹಾಕಿ, ಹೊತ್ತು ಮುಳುಗುವುದರೊಳಗೆ ಇವನನ್ನು ಊರಾಚೆ ಬಿಟ್ಟುಬನ್ನಿ ಅಂತ ಅಪ್ಪಣೆಯಾಯಿತು.

ಗುಂಪಿನಲ್ಲಿ ನಿಂತಿದ್ದ ಚಿಕ್ಕತಾಯಿಗೆ ಸೋಬಯ್ಯನ ಮಾತಿನ ಅರ್ಥ ಆಗ ಹೊಳೆಯಿತು, ಅವನು ಅಳೆದದ್ದು ಸರಿಯೇ. ಮಾತು ಹೊರಟದ್ದು ತನ್ನ ಬಾಯಿಂದ. ಇವನು ತನ್ನ ಮದುವೆಯ ಅಕ್ಕಿ ಅಳೆದವನು, ಗಂಡ ಸತ್ತ ವರ್ಷ ಕೂಲಿ ಬೇಡವೆಂದು ಗುಡಿಸಿದ್ದನ್ನೂ ತನಗೇ ಬಿಟ್ಟುಹೋದವನು. ಆದರೆ ನಿಜ ತಿಳಿದು ರಾಜ ಇಳಿಸಿದ ಸುಂಕವನ್ನೇ ಸಿಟ್ಟಿನಲ್ಲಿ ಮತ್ತೆ ಏರಿಸಿಬಿಟ್ಟರೆ? ಮಗಳ ಐದು ತಿಂಗಳು ಹೋದಂತೆಯೇ. ಅವಳು ಒಂದು ಹೆಜ್ಜೆ ಹಿಂದಿಟ್ಟಳು. ಆಮೇಲೆ ಎರಡು ಹೆಜ್ಜೆ ಮುಂದೆ ಬಂದಳಂತೆ.

"ಬುದ್ಧಿ, ತಪ್ಪು ನನ್ನ ನಾಲಿಗೇದು. ಗೌಡ್ರ ರಾಶಿ ಇನ್ನೊಂದು ಸಲ ಅಳೆಸಿ. ಹನ್ನೊಂದರಿಂದ ಮೂವತ್ತರವರೆಗಿಂದು ನಮ್ಮಂಥೋರದು ತಾನೇ? ಅದನ್ನ ಬಿಟ್ಟು ಅಳೆಸಿ, ಗೌಡ್ರಿಗೆ ಏನೂ ಸಿಕ್ಕಲ್ಲ."

ಆಗಲಿ ಅಂದ ರಾಜ. ಸೋಬಯ್ಯ ಕೊಳಗ ತುಂಬಿ ಲಾಭಾ ಅಂದ. ಎರಡು ಅಂದ, ಮೂರು ಅಂದ, ಹತ್ತು ಅಂದ. ಹನ್ನೊಂದನೆಯದನ್ನು ತುಂಬಿ ಎತ್ತಿದ, ಬಾಯಿ ತೆರೆದ, ಸುಮ್ಮನೆ ನಿಂತ. ಕೊಳಗ ಗಾಳಿಯಲ್ಲೇ ಉಳಿಯಿತು. ರಾಜ ರೇಗಿ ತಾನೇ ಇಳಿದು ಬಂದು, ಕೊಳಗ ಕಿತ್ತುಕೊಂಡು ಸುರಿದು, ಮೂವತ್ತೊಂದು ಅಂದ.

ರಾಚೇಗೌಡ ತಡೆಯಲಾರದೆ ಕೇಳಿದ, "ಹತ್ತಾದ ಮೇಲೆ ಒಂದೇ ಕೊಳಗ ಸುರಿದಿರಿ ಬುದ್ಧಿ. ಮೂವತ್ತೊಂದು ಹೆಂಗಾಯ್ತು?"

ರಾಜ ರಾಶಿ ನೋಡಿದ, ಕೊಳಗ ನೋಡಿದ, ಸೋಬಯ್ಯನ ಮುಖ ನೋಡಿದ. ನೂರು ಅನ್ನಬೇಕಾದವನೂ ಹನ್ನೊಂದು, ಹನ್ನೆರಡು ಅಂದುಕೊಂಡೇ ಬರಬೇಕು. ತಾನು ಭಾರ ಇಳಿಸಿದ್ದು ನಡುವಿನ ಕೊಳಗಗಳಿಗೆ. ಆ ಕೊಳಗಗಳು ಉಳ್ಳವನ ರಾಶಿಯಲ್ಲೂ ಇವೆ. ಅವನಿಗೆ ನಗು ಬಂತಂತೆ. ಕೊಳಗ ಒಡೆಯಲು ಕೊಡಲಿ ಹಿಡಿದು ಕಾದಿದ್ದ ಆಳಿಗೆ ಅದನ್ನು ಕೆಳಗಿಡು ಅಂದ. ಆಮೇಲೆ ಚಿಕ್ಕತಾಯಿಯ ಕಡೆ ತಿರುಗಿ, ಹಾಗಾದರೆ ಎಲ್ಲರ ಮೂರನ್ನೂ ವಾಪಸು ತಗೊಳ್ಳಲೇನವ್ವ ಅಂತ ಕೇಳಿದ.

"ಬೇಡಿ ಬುದ್ಧಿ. ಆ ಮೂರರಿಂದ ನನ್ನ ಮಗಳು ಐದು ತಿಂಗಳು ನನ್ನ ಮನೇಲಿರ್ತಾಳೆ. ನಿಮ್ಮ ಋಣ ನಾನು ಮರೆಯಲ್ಲ. ಗೌಡ್ರಿಗೆ ಮೂರು ಬಂದಿದ್ದಕ್ಕೆ ನನ್ನ ಮೂರು ಕಮ್ಮಿಯಾಗಲಿಲ್ಲ, ಸುಮ್ಮನೆ ಹೊಟ್ಟೆ ಉರಿಸ್ಕೊಂಡೆ. ಆದರೆ ಈ ಸೋಬಣ್ಣನ ಲೆಕ್ಕ ಹನ್ನೊಂದು ಮುಟ್ಟೋದೇ ಇಲ್ಲ. ಅವನಿಗೆ ಏನೂ ಬರಲಿಲ್ಲ. ಅದನ್ನ ಊರಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ."

ರಾಜ ತಲೆದೂಗಿದ. ಯಾರ ಲೆಕ್ಕ ನೂರು ಮುಟ್ಟುತ್ತದೋ ಅವರ ಕಣದಿಂದ ಇನ್ನೂ ಮೂರು ಕೊಳಗ ಎತ್ತಬೇಕು, ಅದು ಹನ್ನೊಂದು ಮುಟ್ಟದವರ ಮನೆಗೆ ಹೋಗಬೇಕು ಅಂತ ಅಲ್ಲೇ ಹೊಸ ಡಂಗುರ ಹೊಡೆಸಿದ. ರಾಚೇಗೌಡನೂ ಬೇಸರ ಪಡಲಿಲ್ಲ. ಬಂದದ್ದೇ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಕ್ಕಿಲ್ಲ ಬಿಡಿ ಅಂದ. ಅವನ ಹೆಂಡತಿಯಂತೂ ಕೋಳಿ ಅಟ್ಟಿ ಕಣ ಗುಡಿಸಿಕೊಟ್ಟಳಂತೆ.

ಆ ಮೂರು ಕೊಳಗವನ್ನು ಅಳೆಯುವ ಸರದಿ ಸೋಬಯ್ಯನದೇ. ಕೊಳಗ ತುಂಬಿದ, ಎತ್ತಿದ. ನಲವತ್ತು ವರ್ಷ ಊರಿನ ರಾಶಿಗೆಲ್ಲ ಕೂಗಿದವನು ಇದನ್ನು ಯಾರ ಹೆಸರಿಗೆ ಕೂಗುವುದೆಂದು ಸುತ್ತ ನೋಡಿದ.

"ಕೂಗಣ್ಣ," ಅಂದಳು ಚಿಕ್ಕತಾಯಿ. "ಇದು ನಿಂದೇ."

ಸೋಬಯ್ಯ ಕಣ್ಣೊರೆಸಿಕೊಂಡು, ಮೊದಲ ಸಲ ತನ್ನ ರಾಶಿಗೆ ತಾನೇ ಲಾಭಾ ಅಂದನಂತೆ.

ದೇವೀರಿಯ ಕೂಸು ಐದು ತಿಂಗಳು ಅಜ್ಜಿಯ ತೊಡೆಯ ಮೇಲೆ ಬೆಳೆಯಿತು. ಅವರ ಕಣದಲ್ಲಿ ರಾಗಿ ಉಳಿಯಿತು, ನಮ್ಮ ಬಾಯಲ್ಲಿ ಕಥೆ ಉಳಿಯಿತು.