ಓವನ್ನಿನ ಚಕ್ಕುಲಿ

ಅಂಬುಜಾಕ್ಷಿಯ ಮನೆಯ ಚಕ್ಕುಲಿ ಈಗ ಯಾರಿಗೂ ಕೆಡುಕು ಮಾಡುವುದಿಲ್ಲ ಎಂದು ಅಡುಗೆಮನೆಯಲ್ಲಿ ಎಲ್ಲರೂ ನಂಬಿದ್ದರು. ಅವಳ ಗಂಡ ಪದ್ಮನಾಭಯ್ಯನಿಗೆ ಡಾಕ್ಟರು ಕರಿದ ತಿಂಡಿ ಬಿಡಿಸಿದ್ದರು. ಅಂದಿನಿಂದ ಚಕ್ಕುಲಿ ಓವನ್ನಿನಲ್ಲಿ ಬೇಯುತ್ತಿತ್ತು. ಹಳೆಯ ಕಬ್ಬಿಣದ ಬಾಣಲೆ ಗುಜರಿಯವನಿಗಾಗಿ ಬಾಗಿಲ ಬಳಿ ಕಾಯುತ್ತಿತ್ತು.

“ನಿಮಗೆ ಎರಡು ಲೀಟರ್ ಎಣ್ಣೆ ಬೇಕಿತ್ತು, ನನಗೆ ಒಂದು ಚಮಚ ಸಾಕು,” ಎಂದಿತು ಓವನ್. “ಹೋಗಿ ಬನ್ನಿ, ಹಿರಿಯರೇ.”

“ಹೋಗುತ್ತೇನೆ. ಒಂದು ಅನುಮಾನ ಮಾತ್ರ ಉಳಿದಿದೆ,” ಎಂದಿತು ಬಾಣಲೆ. “ನಾನು ಕರಿದಾಗ ಯಜಮಾನರು ನಾಲ್ಕು ತಿಂದು ಏಳುತ್ತಿದ್ದರು. ಈಗ ಹತ್ತು ತಿನ್ನುತ್ತಾರೆ. ಅಷ್ಟು ಒಣಗಿದ್ದು ಗಂಟಲಲ್ಲಿ ಹೇಗೆ ಇಳಿಯುತ್ತದೆ?”

“ಆರೋಗ್ಯದ ತಿಂಡಿ ತಾನಾಗಿ ಇಳಿಯುತ್ತದೆ.”

“ನೀವು ಕಂಡಿದ್ದೀರಾ?”

“ನನ್ನ ಕೆಲಸ ಬೇಯಿಸುವುದು. ಮೇಜಿನ ಮೇಲೆ ಏನು ನಡೆಯುತ್ತದೋ ನನಗೇಕೆ?”

ಬಾಣಲೆ ಪಿಂಗಾಣಿ ಭರಣಿಯತ್ತ ತಿರುಗಿತು. “ಭರಣಿಯಮ್ಮ, ನೀವು ದಿನವೂ ಆ ಮೇಜಿಗೆ ಹೋಗುವವರು. ಒಂದು ಮಾತು ಹೇಳಿದರೆ ನಾನು ಉಳಿಯಬಹುದು.”

“ಉಂಡ ಮನೆಯ ಸುದ್ದಿ ನಾನು ಆಡುವುದಿಲ್ಲ,” ಎಂದಿತು ಭರಣಿ.

“ಕೆಲಸ ಹೋದವರಿಗೆ ಎಲ್ಲದರ ಮೇಲೂ ಅನುಮಾನ,” ಎಂದು ಓವನ್ ನಕ್ಕಿತು.

ಅಷ್ಟರಲ್ಲಿ ಗುಜರಿಯವನು ಬಂದು ಬಾಣಲೆಯ ಕಿವಿ ಹಿಡಿದೆತ್ತಿ ಚೀಲಕ್ಕೆ ಹಾಕಿಕೊಂಡ. ಅಂಬುಜಾಕ್ಷಿ ಗಂಡನಿಗೆ ಹತ್ತು ಚಕ್ಕುಲಿ ಬಡಿಸಿ, ಪಕ್ಕದಲ್ಲಿ ಭರಣಿಯನ್ನಿಟ್ಟಳು. ಭರಣಿಯಲ್ಲಿದ್ದದ್ದು ಬೆಣ್ಣೆ, ಮತ್ತು ಪದ್ಮನಾಭಯ್ಯ ಒಂದೊಂದು ಚಕ್ಕುಲಿಗೂ ನಿಂಬೆಗಾತ್ರದಷ್ಟು ಹಚ್ಚಿಕೊಂಡ.