ಒಂದನೇ ಹಾಳಿ

ಫಕೀರಜ್ಜ ಹೆಳವ. ಎತ್ತಿನ ಮೇಲೆ ಕೂತು ಊರಿಂದ ಊರಿಗೆ ತಿರುಗುವವನು. ಒಂದೊಂದು ಮನೆಯ ಮುಂದೆ ನಿಂತು ಆ ಮನೆತನದ ಹಿರಿಯರ ಹೆಸರು ಹೇಳುವುದು ಅವನ ಕಸುಬು.

ಬಾಳಪ್ಪ ಅವನ ಶಿಷ್ಯ. ಆರು ವರ್ಷ ಎತ್ತಿನ ಹಗ್ಗ ಹಿಡಿದು ಮುಂದೆ ನಡೆದಿದ್ದ. ನಡೆಯುತ್ತ ನಡೆಯುತ್ತಲೇ ಆ ಹೆಸರುಗಳನ್ನೆಲ್ಲ ಬರೆದಿಟ್ಟ ಹೊತ್ತಿಗೆಯಷ್ಟನ್ನೂ ಬಾಯಿಪಾಠ ಮಾಡಿದ್ದ.

ಒಂದು ದಿನ ಇಬ್ಬರೂ ಹೊಳೆ ದಾಟಿ ಒಂದು ಊರಿಗೆ ಬಂದರು. ಕಟ್ಟೆಯ ಮೇಲೆ ಊರಿನ ಹಿರಿಯರೆಲ್ಲ ಕೂತಿದ್ದರು.

ಊರಿನ ಮುಖ್ಯಸ್ಥ ಶಿವನಗೌಡ ಎದ್ದು ಬಂದ.

"ಛಲೋ ಆತು ಬಂದ್ರಿ, ಅಜ್ಜಾರ. ನಮ್ಮೂರ ಮೂಲ ಓದಿ ಹೇಳ್ರಿ. ಹೊತ್ತಿಗ್ಯಾಗ ಇದ್ದೋರು ಊರಿನವರು. ಇಲ್ಲದೋರು ಅಮಾಸಿಯೊಳಗ ಜಾಗ ಬಿಡಬೇಕು. ಹಂಗಂತ ತೀರ್ಮಾನ ಆಗೈತಿ."

ಇಲ್ಲದವರು ಯಾರೆಂದು ಅವನು ಹೇಳಬೇಕಾಗಿರಲಿಲ್ಲ. ಹೊಳೆದಂಡೆಯ ಹನ್ನೆರಡು ಮನೆಯವರು ಕಟ್ಟೆಯ ಕೆಳಗೆ ಬಿಸಿಲಲ್ಲಿ ನಿಂತಿದ್ದರು.

"ನನ್ನ ಗಂಟಲು ಕಟ್ಟೈತಿ," ಎಂದ ಫಕೀರಜ್ಜ. "ಬಾಳಪ್ಪಾ, ಇವತ್ತು ನೀನ ಓದು."

ಬಾಳಪ್ಪನಿಗೆ ಇದು ಮೊದಲ ಸಲ. ರುಮಾಲು ಸರಿ ಮಾಡಿಕೊಂಡು ಹೊತ್ತಿಗೆ ಹಿಡಿದು ಕಟ್ಟೆ ಹತ್ತಿದ.

ಗೌಡ ಅವನ ಕಿವಿಯ ಹತ್ತಿರ ಬಾಗಿದ. "ಏಳು ಮಂದಿ ಅಣ್ಣತಮ್ಮರು ಕೋಟಿ ಕಟ್ಟಿದ್ದರಿಂದ ಶುರು ಮಾಡಪಾ. ಅದಕ್ಕಿಂತ ಹಿಂದಿಂದು ಮಂದಿಗೆ ಬ್ಯಾಸರ."

ಬಾಳಪ್ಪ ಅಲ್ಲಿಂದಲೇ ಶುರು ಮಾಡಿದ. ಏಳು ಅಣ್ಣತಮ್ಮಂದಿರು, ಅವರು ಕಟ್ಟಿದ ಕೋಟೆ, ತೋಡಿದ ಬಾವಿ. ಅವರ ಮಕ್ಕಳು, ಮಕ್ಕಳ ಮಕ್ಕಳು. ದನಿ ಕಂಚಿನ ಹಾಗಿತ್ತು. ಒಂದು ಹೆಸರೂ ತಪ್ಪಲಿಲ್ಲ. ತಮ್ಮ ಮುತ್ತಜ್ಜನ ಹೆಸರು ಬಂದಾಗ ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರಾಗಿ ಮೀಸೆ ಮುಟ್ಟಿಕೊಂಡರು.

ಹೊಳೆದಂಡೆಯವರ ಹೆಸರು ಒಂದೂ ಬರಲಿಲ್ಲ.

ಕೆಳಗೆ ನಿಂತವರಲ್ಲಿ ಹಿರಿಯಳು ದುರಗವ್ವ. ಅವಳು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ತಮ್ಮಾ, ವರ್ಷಾ ವರ್ಷಾ ನಿಮ್ಮ ಎತ್ತು ಮೇಯೋದು ನಮ್ಮ ಹಿತ್ತಲದಾಗ. ಎತ್ತಿಗೆ ನಮ್ಮ ಗುರುತು ಐತಿ, ಹೊತ್ತಿಗಿಗೆ ಇಲ್ಲೇನು?"

ಕಟ್ಟೆಯ ಮೇಲೆ ಒಂದಿಬ್ಬರು ನಕ್ಕರು. ಬಾಳಪ್ಪನ ಮುಖ ಕೆಂಪಾಯಿತು.

"ಇದ್ದದ್ದು ಓದೀನಿ, ಯವ್ವಾ. ಸುಳ್ಳು ಒಂದಕ್ಷರ ಹೇಳಿಲ್ಲ."

ಗೌಡ ತೊಡೆ ತಟ್ಟಿದ. "ಮುಗೀತಲ್ಲ!"

"ಮುಗಿದಿಲ್ಲ," ಎಂದ ಫಕೀರಜ್ಜ. "ಬಾಳಪ್ಪಾ, ನೀ ಶುರು ಮಾಡಿದ್ದು ಎಷ್ಟನೇ ಹಾಳಿ?"

"ಎರಡನೇದು, ಅಜ್ಜಾರ."

"ಒಂದನೇದು ಏನಾತು?"

ಬಾಳಪ್ಪ ಗೌಡನ ಮುಖ ನೋಡಿದ.

"ಕಟ್ಟಿ ಮ್ಯಾಲೆ ಕುಂತರ ಅದು ಕಾಣವಲ್ಲದು ಅನಸ್ತೈತಿ. ಕೆಳಗಿಳಿ. ಆ ಮಂದಿ ನಡುವ ನಿಂತು ಓದು."

ಬಾಳಪ್ಪ ಇಳಿದ. ದುರಗವ್ವನ ಪಕ್ಕದಲ್ಲಿ ನಿಂತು ಹಾಳೆ ತಿರುವಿದ. ಈ ಸಲ ದನಿ ಸಣ್ಣದಾಗಿತ್ತು.

"ಬರಗಾಲದ ವರ್ಷ ಏಳು ಮಂದಿ ಅಣ್ಣತಮ್ಮಂದಿರು ಇದ್ದ ಊರು ಬಿಟ್ಟು, ಕಾಲು ಬಾತು, ಈ ಹೊಳೆಗೆ ಬಂದರು. ಹೊಳೆದಂಡೆಯ ಒಂದು ಮನೆಯವರು ಅಂಬಲಿ ಕೊಟ್ಟು ಇಲ್ಲೇ ಇರಿ ಅಂದರು. ಇದ್ದರು."

ಕಟ್ಟೆಯ ಮೇಲೆ ಯಾರ ಕೈಯೂ ಮೀಸೆಗೆ ಹೋಗಲಿಲ್ಲ.

ಗೌಡ ಕೇಳಿದ: "ಆ ಮನಿಯವರ ಹೆಸರು?"

"ಬರೆದಿಲ್ರಿ," ಎಂದ ಬಾಳಪ್ಪ.

"ಯಾಕ ಬರೆದಿಲ್ಲ?"

ಫಕೀರಜ್ಜ ಹೇಳಿದ: "ಬರೆದಾಂವ ನಮ್ಮ ಮುತ್ತಜ್ಜ. ನಿಮ್ಮ ಹಿರ್ಯಾರು ಹೇಳಿದಷ್ಟು ಬರೆದ. ಹಸಿದು ಬಂದೋರಿಗೆ ಅಂಬಲಿ ರುಚಿ ನೆನಪಿರತೈತಿ, ಗೌಡ್ರ. ಹೆಸರು ಕೇಳೂದು ಮರೀತಾರ."

"ಹಂಗಾರ ಅದು ಇವರ ಮನೀನ ಅನ್ನಾಕ ಏನು ಸಾಕ್ಷಿ? ಹೊಳಿ ಎಷ್ಟು ಸಲ ತುಂಬಿ ಬಂದೈತಿ. ಆ ದಂಡಿಗೆ ಎಷ್ಟು ಮಂದಿ ಬಂದಾರ, ಎಷ್ಟು ಮಂದಿ ಹೋಗ್ಯಾರ."

"ಸಾಕ್ಷಿ ಇಲ್ಲ."

ದುರಗವ್ವನೂ ತಲೆಯಾಡಿಸಿದಳು. "ನಮಗೂ ಗೊತ್ತಿಲ್ರಿ. ನಮ್ಮತ್ತಿ ಹೇಳಿಕೊಟ್ಟಿದ್ದು ಒಂದ. ಬಂದೋರಿಗೆ ಮೊದಲು ಅಂಬಲಿ ಕೊಡು, ಆಮ್ಯಾಲ ಯಾವೂರು ಅಂತ ಕೇಳು."

ಗೌಡ ಕೂತಲ್ಲಿಂದಲೇ ಹೊಳೆದಂಡೆಯ ಕಡೆ ನೋಡಿದ. ಆಮೇಲೆ ಯಾರಿಗೂ ಅಲ್ಲ ಎನ್ನುವ ಹಾಗೆ ಹೇಳಿದ:

"ಅವತ್ತು ಆ ಮನಿಯವರೂ ಒಬ್ಬ ಹೆಳವನ್ನ ಕರಸಿ ಹೊತ್ತಿಗಿ ಓದಸಿದ್ದರ, ನಾವು ಎಲ್ಲಿರತಿದ್ವಿ?"



ಗೌಡ ಎದ್ದ. "ಯಾರೂ ಜಾಗ ಬಿಡೂದು ಬ್ಯಾಡ," ಎಂದ. ಚಪ್ಪಲಿ ಕಟ್ಟೆಯ ಬುಡದಲ್ಲೇ ಬಿಟ್ಟು ಹೊಳೆಯ ಕಡೆ ನಡೆದ.

ಮೊದಲ ಮನೆಯ ಬಾಗಿಲಲ್ಲಿ ನಿಂತು ಕೈ ಮುಗಿದ. ಸ್ವಲ್ಪ ಯೋಚಿಸಿದ. ಎರಡನೆಯ ಮನೆಗೆ ಹೋದ. ಅಲ್ಲೂ ಮುಗಿದ. ಹಾಗೆಯೇ ಹನ್ನೆರಡೂ ಬಾಗಿಲು ಮುಗಿಸುವ ಹೊತ್ತಿಗೆ ಹಿಂದೆ ಊರಿನ ಅರ್ಧ ಜನ ಇದ್ದರು. ಕೊನೆಯ ಮನೆಯಲ್ಲಿ ಯಾರೋ ಅವನಿಗೆ ಅಂಬಲಿ ಕೊಟ್ಟರು. ನಿಂತೇ ಕುಡಿದ.

ಗುರು ಶಿಷ್ಯರು ಊರು ಬಿಟ್ಟು ಹೊಳೆಯ ಮರಳಿಗೆ ಬಂದರು. ಬಾಳಪ್ಪ ಗುರುವಿನ ಕಾಲು ಮುಟ್ಟಿದ.

"ನಂದು ತಪ್ಪಾತು, ಅಜ್ಜಾರ. ಹಾಳಿ ಹಾರಿಸಿದೆ. ಹನ್ನೆರಡು ಮನಿ ಕಳೀತಿದ್ದೆ."

"ಹೂಂ."

"ಅದನ್ನ ತೊಳಕೋತೀನಿ. ಅಂಬಲಿ ಕೊಟ್ಟೋರ ಹೆಸರು ಹುಡುಕತೀನಿ. ಹತ್ತು ಊರು ತಿರುಗಲಿ, ನೂರು ಊರು ತಿರುಗಲಿ. ಸಿಕ್ಕ ದಿನ ಒಂದನೇ ಹಾಳಿ ಮ್ಯಾಲೆ ಬರೀತೀನಿ."

ಫಕೀರಜ್ಜ ಎತ್ತಿನ ಬೆನ್ನು ತಟ್ಟಿದ.

"ಬ್ಯಾಡೋ. ಹೆಸರು ಗೊತ್ತಿದ್ದರ ಗೌಡ ಒಂದ ಬಾಗಲಕ್ಕ ಕೈ ಮುಗಿದು ಮನಿಗೆ ಹೋಗತಿದ್ದ."