ಅಳಿಲಿಗೆ ಸಿಟ್ಟು ಬಂದ ದಿನ

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ ಅದು. ಹೊಳೆಗಳು ಹರಿಯುವ ದಾರಿ ಹುಡುಕುತ್ತಿದ್ದವು. ಅಳಿಲಿಗೆ ಸಿಟ್ಟೆಂದರೆ ಏನೆಂದೇ ಗೊತ್ತಿರಲಿಲ್ಲ.

ಒಂದು ಬೇವಿನ ಮರದ ಪೊಟರೆಯಲ್ಲಿ ಕೆಂಚಿ ಎಂಬ ಅಳಿಲು ತನ್ನ ಮೂರು ಮರಿಗಳೊಂದಿಗೆ ಇದ್ದಳು. ಮೇಲಿನ ಕೊಂಬೆಯಲ್ಲಿ ಹಸಿರಣ್ಣ ಎಂಬ ಗಿಳಿ, ಅವನ ದೊಡ್ಡ ಬಳಗ. ಹಸಿರಣ್ಣ ಹಣ್ಣು ಕೀಳುವನು, ಒಂದು ಸಲ ಕಚ್ಚುವನು, ಬಿಸಾಡುವನು. ಇನ್ನೊಂದು ಕೀಳುವನು, ಕಚ್ಚುವನು, ಬಿಸಾಡುವನು.

ಒಂದು ದಿನ ಗಾಳಿ ಬಂದು ಹೇಳಿತು: "ಕೆಂಚವ್ವ, ಬೆಟ್ಟದ ಆಚೆ ಬೇಸಿಗೆ ಎಂಬುದೊಂದು ಹುಟ್ಟಿದೆ. ಅದು ಬಂದಲ್ಲಿ ಹಣ್ಣಿಲ್ಲ, ಕಾಳಿಲ್ಲ. ಇಲ್ಲಿಗೂ ಬರುತ್ತದೆ."

ಅಂದಿನಿಂದ ಹತ್ತು ಕಾಳು ಸಿಕ್ಕರೆ ಕೆಂಚಿ ಎರಡನ್ನು ಎತ್ತಿಡತೊಡಗಿದಳು.

"ಅಮ್ಮಾ, ಇನ್ನೊಂದು ಕೊಡು," ಎಂದು ಕಿರಿಯ ಮರಿ ಅಳುತ್ತಿತ್ತು.

"ಇವತ್ತಿನದು ಮುಗೀತು ಮಗಾ. ಅದು ಬೇಸಿಗೆಯದು."

ಅತ್ತತ್ತು ಮರಿ ನಿದ್ದೆಹೋಗುತ್ತಿತ್ತು. ಪೊಟರೆ ನಿಧಾನಕ್ಕೆ ತುಂಬಿತು.

ಬೇಸಿಗೆ ಬಂತು. ಎಲೆ ಉದುರಿತು, ಹೊಳೆ ಬಡವಾಯಿತು. ಒಂದು ಮಧ್ಯಾಹ್ನ ಕೆಂಚಿ ಮರಿಗಳನ್ನು ಕರೆದುಕೊಂಡು ನೀರಿಗೆ ಹೋದಳು. ತಿರುಗಿ ಬಂದಾಗ ಪೊಟರೆ ಬರಿದು. ಮರದ ಬುಡದ ತುಂಬ ಅರ್ಧ ಕಚ್ಚಿದ ಕಾಳು, ಅದನ್ನು ಹೊತ್ತೊಯ್ಯುವ ಇರುವೆಯ ಸಾಲು.

ಹಸಿರಣ್ಣ ಕೊಂಬೆಯ ಮೇಲೆ ಕೊಕ್ಕು ಒರೆಸಿಕೊಳ್ಳುತ್ತಿದ್ದ.

"ನೀನೇನಾ ತಿಂದಿದ್ದು?"

"ನಿನ್ನ ಹತ್ತಿರ ಇತ್ತು, ನಮ್ಮ ಹತ್ತಿರ ಇರಲಿಲ್ಲ. ತಿಂದೆವು ತಂಗಿ."

"ಕೇಳಿದ್ದರೆ ಕೊಡುತ್ತಿದ್ದೆ. ಪೂರ್ತಿ ತಿಂದಿದ್ದರೂ ಸಹಿಸುತ್ತಿದ್ದೆ. ಬಿಸಾಡಿದ್ದೀಯಲ್ಲ. ನನ್ನ ಮಕ್ಕಳು ಹೊಟ್ಟೆ ಕಟ್ಟಿ ಉಳಿಸಿದ ಕಾಳು ಅದು. ನಾಳೆ ಇವಕ್ಕೇನು ಕೊಡಲಿ?"

"ನಾಳೆ ಇನ್ನೂ ಬಂದಿಲ್ಲವಲ್ಲ," ಎಂದ ಹಸಿರಣ್ಣ.

ಕೆಂಚಿಯ ಮೈಯೆಲ್ಲ ಉರಿಯಿತು. ಬಾಯಿಂದ ಚಿಕ್, ಚಿಕ್, ಚಿಕ್ ಎಂದು ಬೈಗುಳ ಹೊರಟಿತು. ಒಂದೊಂದು ಬೈಗುಳಕ್ಕೂ ಬಾಲ ತಾನಾಗಿಯೇ ಎಗರಿತು. ಸಂಜೆಯವರೆಗೂ ಬೈದಳು. ಗಿಳಿಗಳು ಕಿವಿ ನೋಯಿಸಿಕೊಂಡು ಮರ ಬಿಟ್ಟು ಹಾರಿಹೋದವು.

"ಸಾಕು ಬಿಡವ್ವ," ಎಂದಿತು ಗಾಳಿ.

"ಸಾಕಾಗಿಲ್ಲ. ನನ್ನ ಮೇಲೂ ನನಗೆ ಸಿಟ್ಟಿದೆ. ಎಲ್ಲವನ್ನೂ ಒಂದೇ ಕಡೆ ಯಾಕಿಟ್ಟೆ?"

ಆ ಬೇಸಿಗೆ ಅವಳು ತೊಗಟೆ ಕೆರೆದು, ಹುಳು ಹೆಕ್ಕಿ ಮರಿಗಳನ್ನು ಬದುಕಿಸಿದಳು. ಕಿರಿಯದರ ಪಕ್ಕೆಲುಬು ಎಣಿಸುವಂತಾಗಿತ್ತು. ಅದನ್ನು ನೋಡಿದಾಗಲೆಲ್ಲ ಸಿಟ್ಟು ಮತ್ತೆ ಉಕ್ಕುತ್ತಿತ್ತು.

ಮಳೆ ಬಂದು ಕಾಳು ಸಿಕ್ಕಾಗ ಮಕ್ಕಳಿಗೆ ಕಲಿಸಿದಳು. ಒಂದು ತೊಗಟೆಯ ಸಂದಿಗೆ, ಒಂದು ಕಲ್ಲಿನ ಕೆಳಗೆ, ಒಂದು ಬೇರಿನ ಮಗ್ಗುಲಿಗೆ. ಮಕ್ಕಳು ಅದನ್ನು ಕಲಿತವು, ಅಮ್ಮನ ಸಿಟ್ಟನ್ನೂ ಕಲಿತವು.

ಅದಕ್ಕೇ ಮಗು, ಇವತ್ತಿಗೂ ಗಿಳಿ ಕಚ್ಚಿ ಬಿಸಾಡಿದ ಹಣ್ಣು ಮರದಡಿ ಬಿದ್ದಿರುತ್ತದೆ, ಮೇಲೆ ಅಳಿಲು ಬಾಲ ಎಗರಿಸುತ್ತ ಚಿಕ್ ಚಿಕ್ ಎಂದು ಬೈಯುತ್ತಲೇ ಇರುತ್ತದೆ.